ಬಂಗಾರವೋ, ಭಂಗಾರವೋ? ಹಳೇ ಟಿವಿಯ ಗಾಜಿನೊಳಗೆ ಎಷ್ಟು ಗೆರೆ ಹಿಡಿಸುತ್ತವೆ?

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ ಕಡೆ ಗುಜರಿ ಸಾಮಾನಿಗೆ ‘ಭಂಗಾರ’ ಎಂದೇ ಹೆಸರು. ಮರಾಠಿಯಿಂದ ಗಡಿ ದಾಟಿ ಬಂದ ಮಾತು. ಒಂದು ಮಹಾಪ್ರಾಣ ಕಳೆದರೆ ಅದೇ ಬಂಗಾರ. ಈ ಎರಡರ ನಡುವೆ ಸಿಕ್ಕಿಬಿದ್ದಿರುವ ಸಾಮಾನು ಎಂದರೆ ಅಟ್ಟದ ಮೇಲಿನ ಡಬ್ಬಾ ಟಿವಿ. ಓಣಿಯಲ್ಲಿ ಕೈಗಾಡಿಯವನ ಕೂಗು ಕೇಳಿದರೆ ತೂಕಕ್ಕೆ ಹಾಕುವುದೋ, ಇನ್ನೊಂದಿಷ್ಟು ದಿನ ಇಟ್ಟುಕೊಳ್ಳುವುದೋ ಎಂದು ಯಜಮಾನರು ತಲೆ ಕೆರೆದುಕೊಳ್ಳುತ್ತಾರೆ. ಅಷ್ಟರಲ್ಲಿ ಮನೆಯ ಹುಡುಗ ಮೊಬೈಲು ಹಿಡಿದುಕೊಂಡು ಬಂದು, ‘ಕಾಕಾ, ಹಳೇ ಟ್ಯೂಬಿನಾಗ 4ಕೆ ತೋರಿಸ್ಯಾರ, ನೋಡ್ರಿ ಇಲ್ಲಿ’ ಎಂದು ಹೊಸ ಹುಳ ಬಿಡುತ್ತಾನೆ.

ಇನ್ನು ಪೇಟೆಯ ಎಲೆಕ್ಟ್ರಿಕ್ ಅಂಗಡಿಗಳಲ್ಲಿ ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡದಾದ ಒಂದು ಡಬ್ಬಿ ಸಿಗುತ್ತದೆ. ಒಂದು ಕಡೆ ಎಚ್‌ಡಿಎಂಐ ತೂತು, ಇನ್ನೊಂದು ಕಡೆ ಹಳದಿ, ಬಿಳಿ, ಕೆಂಪು ಪಿನ್ನಿನ ತೂತು. ಮೈಮೇಲೆ ‘1080ಪಿ’ ಎಂದು ದಪ್ಪಕ್ಷರದಲ್ಲಿ ಅಚ್ಚಾಗಿರುತ್ತದೆ. ಗಿರಾಕಿ ಕೇಳುವ ಮಾತು ಒಂದೇ: ‘ಇದನ್ನ ಹಚ್ಚಿದ್ರ ಹಳೇ ಟಿವಿ ಎಚ್‌ಡಿ ಆಕ್ಕೈತೇನ್ರಿ?’ ಅಂಗಡಿಯವರೂ ಡಬ್ಬಿಯ ಮೇಲೆ ಬರೆದದ್ದನ್ನೇ ಓದಿ ಹೂಂ ಎನ್ನುತ್ತಾರೆ. ಮನೆಗೆ ಹೋಗಿ ಹಚ್ಚಿದರೆ ಸುದ್ದಿಯ ಕೆಳಗಿನ ಓಡುವ ಅಕ್ಷರ ಓದಲು ಬರುವುದಿಲ್ಲ. ಮರುದಿನ ಅಂಗಡಿ ಮುಂದೆ ಜಗಳ.

ಸಂಗತಿ ಏನೆಂದರೆ, ಹುಡುಗ ತೋರಿಸಿದ್ದು ಪೂರ್ತಿ ಸುಳ್ಳಲ್ಲ. ಡಬ್ಬಿಯ ಮೇಲೆ ಬರೆದದ್ದು ಪೂರ್ತಿ ನಿಜವಲ್ಲ. ಹಳೇ ಗಾಜಿನ ಟ್ಯೂಬು ಅಪಾರ ಸೂಕ್ಷ್ಮದ ಚಿತ್ರ ತೋರಿಸಬಲ್ಲದು. ಆದರೆ ಯಾವ ಟ್ಯೂಬು, ಯಾವ ತಂತಿಯಿಂದ, ಯಾರ ಕೈಯಲ್ಲಿ ಎಂಬ ಮೂರು ಮಾತು ಬಿಟ್ಟು ಇದನ್ನು ಹೇಳಿದರೆ ಮೋಸವಾಗುತ್ತದೆ.

ಗೆರೆಯ ಲೆಕ್ಕ

ಗಾಜಿನ ಟ್ಯೂಬು ಹುಟ್ಟಿದ್ದು 1897ರಲ್ಲಿ, ಜರ್ಮನಿಯ ಕಾರ್ಲ್ ಫರ್ಡಿನಾಂಡ್ ಬ್ರೌನ್ ಎಂಬ ವಿಜ್ಞಾನಿಯ ಕೈಯಲ್ಲಿ. ಒಳಗೆ ಗಾಳಿ ಇಲ್ಲದ ಸೀಸೆ. ಕುತ್ತಿಗೆಯ ತುದಿಯಿಂದ ಇಲೆಕ್ಟ್ರಾನಿನ ಧಾರೆ ಹೊರಡುತ್ತದೆ, ಮುಖದ ಒಳಮೈಗೆ ಬಳಿದ ಪುಡಿಗೆ ಬಡಿಯುತ್ತದೆ, ಅಲ್ಲಿ ಬೆಳಕಿನ ಚುಕ್ಕೆ ಮೂಡುತ್ತದೆ. ಕುತ್ತಿಗೆಗೆ ಸುತ್ತಿದ ತಾಮ್ರದ ಸುರುಳಿ, ಅಂದರೆ ಯೋಕು, ಆ ಚುಕ್ಕೆಯನ್ನು ಎಡದಿಂದ ಬಲಕ್ಕೆ, ಮೇಲಿಂದ ಕೆಳಕ್ಕೆ ಓಡಿಸುತ್ತದೆ. ಚುಕ್ಕೆ ಓಡಿದ ದಾರಿಯೇ ಗೆರೆ.

ಭಾರತದ ಟಿವಿಯಲ್ಲಿ ಒಂದು ಚಿತ್ರಕ್ಕೆ 625 ಗೆರೆ. ಇದರಲ್ಲಿ ಕಣ್ಣಿಗೆ ಕಾಣುವುದು 576. ಉಳಿದವು ಚುಕ್ಕೆ ಕೆಳಗಿನಿಂದ ಮತ್ತೆ ಮೇಲಕ್ಕೆ ಹಾರುವ ಹೊತ್ತಿನಲ್ಲಿ ಕಳೆದುಹೋಗುತ್ತವೆ. ಸೆಕೆಂಡಿಗೆ 25 ಚಿತ್ರ. ಹಾಗಾಗಿ ಸೆಕೆಂಡಿಗೆ 15,625 ಗೆರೆ. ಇದು ಸೆಟ್ಟಿನ ನಾಡಿಮಿಡಿತ ಇದ್ದ ಹಾಗೆ. ಮನೆಯ ಸಾಧಾರಣ ಟಿವಿಯ ಯೋಕು, ಇಎಚ್‌ಟಿ ಎಲ್ಲವೂ ಇದೇ ಒಂದು ವೇಗಕ್ಕೆ ಕಟ್ಟಿದವು. ಇನ್ನು ಎಡದಿಂದ ಬಲಕ್ಕೆ ಎಷ್ಟು ಸೂಕ್ಷ್ಮ ತೋರಿಸಬಹುದು ಎಂಬುದು ಪ್ರಸಾರದ ಪಟ್ಟಿಯ ಅಗಲಕ್ಕೆ ಬಿಟ್ಟದ್ದು. ಇಲ್ಲಿಯ ಪದ್ಧತಿಯಲ್ಲಿ ಅದು 5 ಮೆಗಾಹರ್ಟ್ಸ್. ಲೆಕ್ಕ ಹಾಕಿದರೆ ಗೆರೆಗೆ ಸುಮಾರು 520 ಚುಕ್ಕೆ.

ಈ ಟಿವಿ ಮೊದಲು ಬಂದದ್ದು ಬೆಂಗಳೂರಿಗಲ್ಲ ಎಂಬುದನ್ನು ಈ ಭಾಗದವರು ಮರೆಯಬಾರದು. 1975ರ ಆಗಸ್ಟ್ 1ರಿಂದ ಒಂದು ವರ್ಷ ಕಾಲ ಅಮೆರಿಕದ ಎಟಿಎಸ್-6 ಉಪಗ್ರಹ ಬಳಸಿ ‘ಸೈಟ್’ ಎಂಬ ಪ್ರಯೋಗ ನಡೆಯಿತು. ಆರು ರಾಜ್ಯಗಳ ಸುಮಾರು 2400 ಹಳ್ಳಿ. ಕರ್ನಾಟಕದಲ್ಲಿ ಆಯ್ಕೆಯಾದದ್ದು ವಿಜಾಪುರ, ಗುಲಬರ್ಗಾ, ರಾಯಚೂರು ಜಿಲ್ಲೆ. ಅಥಣಿ ತಾಲೂಕಿನ ಗಡಿ ದಾಟಿದರೆ ವಿಜಾಪುರ ಜಿಲ್ಲೆ. ಅಲ್ಲಿಯ ಹಳ್ಳಿಗಳ ಚಾವಡಿ, ಶಾಲೆಗಳ ಮುಂದೆ ಕೋಳಿಬಲೆಯ ತಂತಿಯಿಂದ ಮಾಡಿದ ಹತ್ತಡಿ ತಟ್ಟೆ ಆಕಾಶ ನೋಡುತ್ತಿತ್ತು, ಜನ ಕಪ್ಪು-ಬಿಳುಪು ಸೆಟ್ಟಿನ ಮುಂದೆ ಕುಳಿತು ಕೃಷಿಯ ಪಾಠ ನೋಡುತ್ತಿದ್ದರು. ಕನ್ನಡಕ್ಕೂ ತೆಲುಗಿಗೂ ಚಿತ್ರ ಒಂದೇ, ಧ್ವನಿ ಮಾತ್ರ ಬೇರೆ ಬೇರೆ. ಅಥಣಿಗೆ ಆ ಭಾಗ್ಯ ಇರಲಿಲ್ಲ, ಬೆಳಗಾವಿ ಜಿಲ್ಲೆಗೆ ಸೇರಿದ್ದೇ ತಪ್ಪಾಯಿತು. ಮುಂದೆ 1977ರಲ್ಲಿ ಗುಲಬರ್ಗಾದಲ್ಲಿ ದೂರದರ್ಶನ ಕೇಂದ್ರವಾಯಿತು. ರಾಜಧಾನಿಗೆ ಬಂದದ್ದು 1981ರ ನವೆಂಬರ್ 1ಕ್ಕೆ. 1982ರಲ್ಲಿ ಬಣ್ಣ.

ಹಳ್ಳಿಯ ಚಾವಡಿಯಲ್ಲೂ ದಿಲ್ಲಿಯ ಬಂಗಲೆಯಲ್ಲೂ ಗೆರೆ ಮಾತ್ರ 625. ಅದು ಕಡಿಮೆ ಎಂದು ಆಗ ಯಾರಿಗೂ ಅನಿಸಲಿಲ್ಲ, ಏಕೆಂದರೆ ಕಣ್ಣಿಗೂ ಒಂದು ಮಿತಿ ಇದೆ. ಒಳ್ಳೆಯ ಕಣ್ಣು ಹತ್ತಡಿ ದೂರದಿಂದ ಒಂದು ಮಿಲಿಮೀಟರಿಗಿಂತ ತುಸು ಕಡಿಮೆ ಅಂತರದ ಎರಡು ಗೆರೆಗಳನ್ನು ಬೇರೆ ಬೇರೆಯಾಗಿ ಗುರುತಿಸಬಲ್ಲದು, ಅಷ್ಟೆ. 21 ಇಂಚಿನ ಟಿವಿಯ ಚಿತ್ರ ಸುಮಾರು 30 ಸೆಂಟಿಮೀಟರ್ ಎತ್ತರ. ಅದರಲ್ಲಿ 576 ಗೆರೆ ಎಂದರೆ ಒಂದೊಂದು ಗೆರೆ ಅರ್ಧ ಮಿಲಿಮೀಟರ್. ಪಡಸಾಲೆಯ ಇನ್ನೊಂದು ಮೂಲೆಯಲ್ಲಿ ಕುಳಿತವರಿಗೆ ಗೆರೆ ಕಾಣುವುದೇ ಇಲ್ಲ. 1987ರಲ್ಲಿ ರಾಮಾಯಣ ನೋಡಲು ಇಡೀ ಓಣಿ ಒಂದು ಮನೆಯಲ್ಲಿ ಕುಳಿತಾಗ ಯಾರೂ ಗೆರೆ ಎಣಿಸಲಿಲ್ಲ. ಜಾಗ ಸಿಕ್ಕರೆ ಸಾಕಾಗಿತ್ತು.

ಚಿತ್ರ ಹಾಳು ಮಾಡಿದ್ದು ಕ್ಯಾಸೆಟ್ಟು

ಹಾಗಾದರೆ ಹಳೇ ಟಿವಿ ಎಂದ ಕೂಡಲೇ ಮಸುಕು ಚಿತ್ರ ನೆನಪಾಗುವುದು ಏಕೆ? ಅರ್ಧ ಪಾಪ ಆ್ಯಂಟೆನಾದ್ದು, ಇನ್ನರ್ಧ ವಿಡಿಯೋ ಕ್ಯಾಸೆಟ್ಟಿನದ್ದು. ವಿಎಚ್‌ಎಸ್ ಕ್ಯಾಸೆಟ್ಟು ಗೆರೆಯ ಉದ್ದಕ್ಕೂ ಉಳಿಸಿಕೊಳ್ಳುತ್ತಿದ್ದ ಸೂಕ್ಷ್ಮ ಸುಮಾರು 240ರ ಮಟ್ಟದ್ದು, ಅಂದರೆ ಪ್ರಸಾರದ ಅರ್ಧದ ಆಸುಪಾಸು. ಅದೂ ಹೊಸ ಕ್ಯಾಸೆಟ್ಟಿಗೆ. ಬಾಡಿಗೆ ಅಂಗಡಿಯಿಂದ ನೂರು ಕೈ ದಾಟಿ ಬಂದ, ನಕಲಿನ ನಕಲು ಮಾಡಿದ ಟೇಪಿನ ಗತಿ ಹೇಳುವುದೇ ಬೇಡ.

ರಾತ್ರಿ ಬಸ್ಸಿನಲ್ಲಿ ಮುಂಬಯಿ, ಪುಣೆಗೆ ಹೋಗುತ್ತಿದ್ದ ನಿಪ್ಪಾಣಿ ಮಂದಿಗೆ ‘ವಿಡಿಯೋ ಕೋಚ್’ ನೆನಪಿರಬೇಕು. ಡ್ರೈವರನ ಬೆನ್ನ ಹಿಂದೆ, ಮೇಲೆ, ಕಟ್ಟಿಹಾಕಿದ ಟಿವಿ. ಬಸ್ಸು ಘಾಟಿನಲ್ಲಿ ತಿರುಗಿದಾಗ ಕೆಲವೊಮ್ಮೆ ನಾಯಕಿಯ ಕೆನ್ನೆಗೆ ಹಸಿರು ಮಚ್ಚೆ ಹತ್ತುತ್ತಿತ್ತು. ಕಂಡಕ್ಟರ್ ಬಂದು ಡಬ್ಬಕ್ಕೆ ಎರಡು ಬಡಿಯುತ್ತಿದ್ದ. ತಪ್ಪು ಡಬ್ಬದ್ದಲ್ಲ, ಭೂಮಿಯದು! ಭೂಮಿಯೇ ಒಂದು ದೊಡ್ಡ ಅಯಸ್ಕಾಂತ. ಬಣ್ಣದ ಟಿವಿಯೊಳಗಿನ ಇಲೆಕ್ಟ್ರಾನ್ ಧಾರೆ ಅಯಸ್ಕಾಂತಕ್ಕೆ ಬಾಗುತ್ತದೆ. ಸೆಟ್ಟು ಯಾವ ದಿಕ್ಕಿಗೆ ಮುಖ ಮಾಡಿದೆ ಎಂಬುದರ ಮೇಲೆ ಧಾರೆ ಕೂದಲೆಳೆ ಆಚೀಚೆ ಸರಿದು, ಕೆಂಪಿಗೆ ಬೀಳಬೇಕಾದದ್ದು ಹಸಿರಿಗೆ ಬೀಳುತ್ತದೆ. ಮನೆಯ ಸೆಟ್ಟು ಚಾಲೂ ಮಾಡಿದಾಗ ‘ಧುಂಯ್’ ಎಂದು ಒಂದು ಸದ್ದು ಬರುತ್ತಿತ್ತಲ್ಲ, ಅದು ಒಳಗೆ ಕುಳಿತ ಅಯಸ್ಕಾಂತದ ಅಂಶ ತೊಳೆಯುವ ಸುರುಳಿಯ ಸದ್ದು. ಬಸ್ಸಿನಲ್ಲಿ ಒಂದು ಸಲ ಚಾಲೂ ಮಾಡಿದರೆ ಮುಗಿಯಿತು, ಪುಣೆಯವರೆಗೆ ತೊಳೆಯುವವರಿಲ್ಲ.

ಬಣ್ಣದ ಟ್ಯೂಬಿಗೆ ಇನ್ನೊಂದು ಕಟ್ಟು ಇದೆ. ಮುಖದ ಹಿಂದೆ ಸಾವಿರಾರು ತೂತಿನ ಉಕ್ಕಿನ ತಗಡು, ಅಂದರೆ ಶ್ಯಾಡೋ ಮಾಸ್ಕ್. ಇದನ್ನು ಜರಡಿ ಎನ್ನಬಹುದು. ಜರಡಿಯ ಕಣ್ಣಿಗಿಂತ ಸೂಕ್ಷ್ಮವಾದದ್ದು ಪರದೆಗೆ ಬರುವುದಿಲ್ಲ. ಮನೆಯ ದೊಡ್ಡ ಟಿವಿಯಲ್ಲಿ ಕಣ್ಣಿನಿಂದ ಕಣ್ಣಿಗೆ ಅಂತರ ಸುಮಾರು 0.7 ಮಿಲಿಮೀಟರ್, 40 ಸೆಂಟಿಮೀಟರ್ ಅಗಲದ ಚಿತ್ರದಲ್ಲಿ ಆರುನೂರರ ಒಳಗೆ. ಪ್ರಸಾರದಲ್ಲಿ ಬರುವುದು 520. ಜರಡಿ ಅದಕ್ಕೆ ತಕ್ಕಷ್ಟು. ಕಾರ್ಖಾನೆಯವರು ಜಾಣರು, ಬೇಕಾದಷ್ಟೇ ಮಾಡಿದರು.

ಕಂಪ್ಯೂಟರ್ ಮಾನಿಟರು ಬೇರೆ ಜಾತಿ. ಜರಡಿ 0.27 ಮಿಲಿಮೀಟರ್, ವೇಗವೂ ಒಂದಕ್ಕೇ ಕಟ್ಟಿದ್ದಲ್ಲ. ಬ್ರೌಸಿಂಗ್ ಸೆಂಟರುಗಳು ಮುಚ್ಚಿದಾಗ ರಾಶಿರಾಶಿ ಭಂಗಾರಕ್ಕೆ ಹೋದ 17 ಇಂಚಿನ ಮಾನಿಟರುಗಳಲ್ಲಿ ಬಹಳಷ್ಟು ಸೆಕೆಂಡಿಗೆ 70 ಸಾವಿರ ಗೆರೆ ಎಳೆಯಬಲ್ಲವಾಗಿದ್ದವು. ಇಂದಿನ ಪೂರ್ಣ ಎಚ್‌ಡಿ, ಅಂದರೆ 1920ಕ್ಕೆ 1080, ಸೆಕೆಂಡಿಗೆ 60 ಚಿತ್ರದ ಲೆಕ್ಕದಲ್ಲಿ ಬೇಡುವುದು 67,500 ಗೆರೆ. ಅಂದರೆ ಭಂಗಾರದವ ತೂಗಿ ಒಯ್ದ ಮಾನಿಟರು ಎಚ್‌ಡಿಯನ್ನು ಒಪ್ಪಿಕೊಳ್ಳುತ್ತಿತ್ತು! ಆದರೆ ಒಪ್ಪಿಕೊಳ್ಳುವುದು ಬೇರೆ, ತೋರಿಸುವುದು ಬೇರೆ. ಅದರ ಅಗಲ ಸುಮಾರು 32 ಸೆಂಟಿಮೀಟರ್, ಜರಡಿಯ ಕಣ್ಣು 1200ರ ಒಳಗೆ. 1920 ಚುಕ್ಕೆ ಕಳಿಸಿದರೆ ಮೂರನೇ ಒಂದು ಪಾಲಿಗಿಂತ ಹೆಚ್ಚು ಜರಡಿಯಲ್ಲೇ ಸೋಸಿ ಹೋಗುತ್ತದೆ. ಮೊಬೈಲಿನಲ್ಲಿ ‘ಹಳೇ ಮಾನಿಟರಿನಲ್ಲಿ 4ಕೆ’ ಎಂದು ತೋರಿಸುವ ವಿಡಿಯೋಗಳಲ್ಲಿ ಬಹಳಷ್ಟು ಈ ಜಾತಿಯವು. ಸಿಗ್ನಲ್ ಹೊಕ್ಕಿದೆ, ಚಿತ್ರ ಬಂದಿದೆ, ಸೂಕ್ಷ್ಮ ಬಂದಿಲ್ಲ.

ಕೊನೆಗಾಲದಲ್ಲಿ ಬಂದ ಸೋನಿಯ ಜಿಡಿಎಂ-ಎಫ್‌ಡಬ್ಲ್ಯು900 ಎಂಬ 24 ಇಂಚಿನ ಅಗಲ ಮಾನಿಟರು ಮಾತ್ರ ನಿಜಕ್ಕೂ ಹುಲಿ. 2304ಕ್ಕೆ 1440 ಚುಕ್ಕೆ, ಸೆಕೆಂಡಿಗೆ 80 ಚಿತ್ರ. ಇಂದಿಗೂ ಅದನ್ನು ಹುಡುಕುವವರು ಜಗತ್ತಿನಲ್ಲಿ ಇದ್ದಾರೆ.

ಜರಡಿ ಇಲ್ಲದ ಮೂರು ಕಣ್ಣು

ಇಷ್ಟಾದ ಮೇಲೆ ನಿಜವಾದ ಪೈಲ್ವಾನನ ಮಾತು. ಮೂರು ಕಣ್ಣಿನ ಪ್ರೊಜೆಕ್ಟರು. ದೊಡ್ಡ ಪಟ್ಟಣಗಳ ವಿಡಿಯೋ ಹಾಲು, ಹೋಟೆಲ್ಲು, ಕಾಲೇಜಿನ ಸಭಾಂಗಣಗಳಲ್ಲಿ ಚಾವಣಿಗೆ ತೂಗುಹಾಕಿದ ಪೆಟ್ಟಿಗೆ. ಮುಂದೆ ಕೆಂಪು, ಹಸಿರು, ನೀಲಿ ಮೂರು ದಪ್ಪ ಲೆನ್ಸು. ಮನೆಗೆಂದು ಇಂಥದ್ದನ್ನು ಮೊದಲು ಮಾರಿದ್ದು ಅಮೆರಿಕದ ಅಡ್ವೆಂಟ್ ಕಂಪನಿ, 1972ರಲ್ಲಿ, ಪರದೆ ಏಳಡಿ.

ಇದರಲ್ಲಿ ಒಂದೊಂದು ಬಣ್ಣಕ್ಕೆ ಒಂದೊಂದು ಸಣ್ಣ ಟ್ಯೂಬು. ಕೆಂಪಿನ ಟ್ಯೂಬಿಗೆ ಮುಖದ ತುಂಬ ಕೆಂಪು ಪುಡಿ, ಹಸಿರಿನದಕ್ಕೆ ಹಸಿರು. ಬಣ್ಣ ಬೇರ್ಪಡಿಸುವ ಗೊಡವೆಯೇ ಇಲ್ಲ. ಹಾಗಾಗಿ ಜರಡಿ ಇಲ್ಲ! ಚುಕ್ಕೆಯನ್ನು ಎಷ್ಟು ಚೂಪಾಗಿ ಮಾಡಬಲ್ಲಿರೋ ಅಷ್ಟು ಸೂಕ್ಷ್ಮ. ಎಲ್‌ಸಿಡಿ, ಎಲ್‌ಇಡಿಗಳ ಹಾಗೆ ಕಾರ್ಖಾನೆಯಲ್ಲೇ ‘ಇಷ್ಟೇ ಚುಕ್ಕೆ’ ಎಂದು ಕೊರೆದು ಇಟ್ಟದ್ದಲ್ಲ. ಈ ಒಂದು ಕಾರಣಕ್ಕೆ, 625 ಗೆರೆಯ ಕಾಲದ ಯಂತ್ರವೂ ಆಗ ಯಾರೂ ಕೇಳದಷ್ಟು ಗೆರೆಯನ್ನು ಎಳೆದು ತೋರಿಸುವ ಸಂಭವ ಇರುತ್ತದೆ.

ಕೇಳಲೇಬೇಕಾಯಿತು ಎಂಬುದೂ ನಿಜ. ಏಳಡಿ ಪರದೆಯಲ್ಲಿ ಚಿತ್ರದ ಎತ್ತರ 128 ಸೆಂಟಿಮೀಟರ್. 576 ಗೆರೆ ಎಂದರೆ ಒಂದೊಂದು ಗೆರೆ ಎರಡು ಮಿಲಿಮೀಟರಿಗೂ ದಪ್ಪ. ಹತ್ತಡಿ ದೂರದಿಂದ ಎಣಿಸಬಹುದು. ಹೀಗಾಗಿ ಒಂದು ಗೆರೆಯನ್ನು ಎರಡು ಮಾಡುವ ‘ಲೈನ್ ಡಬ್ಲರ್’ ಎಂಬ ಪೆಟ್ಟಿಗೆ ಬಂತು. ಫರೂಜಾ ಎಂಬವರ ಹೆಸರು ಆ ಕೆಲಸದಲ್ಲಿ ದೊಡ್ಡದು. ಆಮೇಲೆ ಕಂಪ್ಯೂಟರನ್ನೇ ಜೋಡಿಸಿದರು. ಯಂತ್ರಗಳೂ ಬೆಳೆದವು. 7 ಇಂಚಿನ ಟ್ಯೂಬು ಹೋಗಿ 8, 9 ಇಂಚಿನವು ಬಂದವು. ಬೆಲ್ಜಿಯಂನ ಬಾರ್ಕೊ, ಕೆನಡಾದ ಎಲೆಕ್ಟ್ರೋಹೋಮ್, ಜಪಾನಿನ ಸೋನಿ. ಸೋನಿಯ ಜಿ90 ಎಂಬುದು ಸೆಕೆಂಡಿಗೆ ಒಂದೂವರೆ ಲಕ್ಷ ಗೆರೆ ಎಳೆಯುತ್ತಿತ್ತು. ತೂಕ ನೂರು ಕಿಲೋ ದಾಟುತ್ತದೆ, ಚಾವಣಿಯ ತೊಲೆ ಗಟ್ಟಿ ಇರಬೇಕು.

ಈಗ 4ಕೆ ಲೆಕ್ಕ ನೋಡೋಣ. 9 ಇಂಚಿನ ಟ್ಯೂಬಿನ ಮುಖದ ಮೇಲೆ ಚಿತ್ರದ ಎತ್ತರ 10 ಸೆಂಟಿಮೀಟರ್ ಎಂದು ಇಟ್ಟುಕೊಳ್ಳಿ. 576 ಗೆರೆಯಾದರೆ ಒಂದು ಗೆರೆಗೆ ಸಿಗುವ ಜಾಗ 0.17 ಮಿಲಿಮೀಟರ್. 1080 ಆದರೆ 0.09. 4ಕೆಯ 2160 ಗೆರೆಯಾದರೆ 0.046 ಮಿಲಿಮೀಟರ್. ಮನುಷ್ಯನ ಕೂದಲು ಇದಕ್ಕಿಂತ ದಪ್ಪ! ಅಥಣಿಯ ಚಪ್ಪಲಿ ಹೊಲಿಯುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ದಾರ ದಪ್ಪ ಇದ್ದರೆ ಇಂಚಿಗೆ ಇಷ್ಟೇ ಹೊಲಿಗೆ. ಹೆಚ್ಚು ಹಾಕಲು ಹೋದರೆ ಒಂದರ ಮೇಲೊಂದು ಏರಿ ಗಂಟಾಗುತ್ತದೆ. ಟ್ಯೂಬಿನಲ್ಲೂ ಹಾಗೆಯೇ. ಗೆರೆ ಹೆಚ್ಚಿಸುವುದು ಗುಂಡಿ ಒತ್ತಿದರೆ ಆಗುವ ಕೆಲಸ, ದಾರ ಸಪೂರ ಮಾಡುವುದು ಕೈಗೆಲಸ.

ದಾರ ಸಪೂರ ಮಾಡುವ ವಿದ್ಯೆ

ಮೊದಲನೆಯದು ಫೋಕಸ್. ಸಾಧಾರಣ ಟ್ಯೂಬಿನಲ್ಲಿ ಇಲೆಕ್ಟ್ರಾನ್ ಧಾರೆಯನ್ನು ವಿದ್ಯುತ್ ಒತ್ತಡದಿಂದ ಹಿಂಡುತ್ತಾರೆ. ಉತ್ತಮ ಪ್ರೊಜೆಕ್ಟರಿನಲ್ಲಿ ಕುತ್ತಿಗೆಗೆ ಬೇರೆ ಸುರುಳಿ ಸುತ್ತಿ ಅಯಸ್ಕಾಂತದಿಂದ ಹಿಂಡುತ್ತಾರೆ. ಎರಡನೆಯದರಲ್ಲಿ ಚುಕ್ಕೆ ಸಣ್ಣದು. ಅದೂ ನಡುವೆ ಗುಂಡಗಿದ್ದದ್ದು ಮೂಲೆಗೆ ಹೋದಂತೆ ಮೊಟ್ಟೆಯಾಗುತ್ತದೆ. ಅದನ್ನು ಗುಂಡಗೆ ಮಾಡಲು ಕುತ್ತಿಗೆಯ ಮೇಲೆ ಸಣ್ಣ ಅಯಸ್ಕಾಂತಗಳನ್ನು ಕೂದಲೆಳೆ ತಿರುಗಿಸಬೇಕು. ಬೆಳಕು ಹೆಚ್ಚಿಸಿದರೆ ಚುಕ್ಕೆ ಊದುತ್ತದೆ. ಸೂಕ್ಷ್ಮ ಬೇಕಾದವ ಬೆಳಕು ಬಿಟ್ಟುಕೊಡಬೇಕು. ನೀಲಿ ಟ್ಯೂಬನ್ನು ಬೇಕೆಂದೇ ಸ್ವಲ್ಪ ಮಬ್ಬಾಗಿ ಬಿಡುವ ರೂಢಿಯೂ ಇದೆ, ನೀಲಿಯ ಪುಡಿ ಬೇಗ ದಣಿಯುತ್ತದೆ ಎಂದು. ಕಣ್ಣು ಚೂಪನ್ನು ಗುರುತಿಸುವುದು ಹೆಚ್ಚಾಗಿ ಹಸಿರಿನಲ್ಲಿ, ನೀಲಿಯ ಮಬ್ಬು ಅದಕ್ಕೆ ತಿಳಿಯುವುದಿಲ್ಲ.

ಎರಡನೆಯದು ಮೂರೂ ಬಣ್ಣ ಒಂದೇ ಜಾಗಕ್ಕೆ ಬೀಳಿಸುವುದು. ಕನ್ವರ್ಜೆನ್ಸ್ ಎನ್ನುತ್ತಾರೆ. ಮೂರು ಲೆನ್ಸು ಮೂರು ಜಾಗದಲ್ಲಿವೆ, ಚಿತ್ರ ಒಂದೇ ಆಗಬೇಕು. ಕಾಗವಾಡದಿಂದ ಕೂಗಳತೆಯ ಮೀರಜಿನಲ್ಲಿ ತಂಬೂರಿ ಶ್ರುತಿ ಮಾಡುವುದನ್ನು ಕಂಡವರಿಗೆ ಇದು ಅರ್ಥವಾದೀತು. ಒಂದು ತಂತಿ ಸರಿ ಮಾಡುವಾಗ ಇನ್ನೊಂದು ಇಳಿದಿರುತ್ತದೆ. ಪರದೆಯ ಮೇಲೆ ಚೌಕುಳಿ ಗೆರೆ ಮೂಡಿಸಿ, ಮೊದಲು ಹಸಿರು, ಅದರ ಮೇಲೆ ಕೆಂಪು, ಆಮೇಲೆ ನೀಲಿ. ನಡು, ಅಂಚು, ನಾಲ್ಕು ಮೂಲೆ. ಯಂತ್ರ ಅರ್ಧ ತಾಸು ಕಾಯದೆ ಕೈ ಹಚ್ಚಬಾರದು, ಬಿಸಿಯಾದಂತೆ ಗೆರೆ ಸರಿಯುತ್ತದೆ. ಪರದೆಯನ್ನು ಒಂದಿಂಚು ಸರಿಸಿದರೆ ಎಲ್ಲ ಮೊದಲಿನಿಂದ. 4ಕೆಯಲ್ಲಿ ಬಣ್ಣ ಒಂದು ಗೆರೆಯಷ್ಟು ಜಾರಿದರೂ ಅಷ್ಟು ಗೆರೆ ಎಳೆದದ್ದು ವ್ಯರ್ಥ.

ಮೂರನೆಯದು ಸಿಗ್ನಲ್. 3840ಕ್ಕೆ 2160 ಚುಕ್ಕೆಯನ್ನು ಸೆಕೆಂಡಿಗೆ 60 ಸಲ ಕಳಿಸಬೇಕೆಂದರೆ ತಂತಿಯಲ್ಲಿ ಸೆಕೆಂಡಿಗೆ 59 ಕೋಟಿ 40 ಲಕ್ಷ ಚುಕ್ಕೆ ಹೋಗಬೇಕು, ಗೆರೆ 1,35,000. ಕಂಪ್ಯೂಟರಿನ ಅನಲಾಗ್ ಹೊರದಾರಿ ಒಳ್ಳೆಯದಿದ್ದರೂ 40 ಕೋಟಿಗೆ ಉಸಿರುಗಟ್ಟುತ್ತದೆ. ಇಲ್ಲಿ ಹವ್ಯಾಸಿಗಳು ಒಂದು ಹಳೇ ಯುಕ್ತಿ ತೆಗೆದಿದ್ದಾರೆ, ಅದೂ ದೂರದರ್ಶನದ್ದೇ. ಹೊಲದಲ್ಲಿ ಒಂದು ಸಾಲು ಬಿಟ್ಟು ಒಂದು ಸಾಲು ಬಿತ್ತಿ, ಮರಳಿ ಬರುವಾಗ ಬಿಟ್ಟ ಸಾಲು ಬಿತ್ತಿದ ಹಾಗೆ, ಮೊದಲ ಸಲ ಬೆಸ ಗೆರೆ, ಎರಡನೇ ಸಲ ಸಮ ಗೆರೆ. ಹಳೇ ಟಿವಿಯ 625 ಗೆರೆ ಬರುತ್ತಿದ್ದದ್ದೇ ಹೀಗೆ. 4ಕೆಯನ್ನು ಹೀಗೆ ಅರ್ಧರ್ಧ ಕಳಿಸಿದರೆ ಬೇಕಾಗುವುದು 29 ಕೋಟಿ 70 ಲಕ್ಷ ಚುಕ್ಕೆ, 67,500 ಗೆರೆ. ತಂತಿಗೂ ಸಲೀಸು, ಟ್ಯೂಬಿಗೂ ಸಲೀಸು. ಹುಡುಗನ ಮೊಬೈಲಿನ ‘4ಕೆ’ಯ ಮರ್ಮ ಇಷ್ಟೆ. ಸಣ್ಣ ಅಕ್ಷರ ಸ್ವಲ್ಪ ನಡುಗುತ್ತದೆ, ಅದನ್ನು ವಿಡಿಯೋದಲ್ಲಿ ಯಾರೂ ಹೇಳುವುದಿಲ್ಲ.

ಚೆನ್ನಾಗಿ ಹದಗೊಳಿಸಿದ 9 ಇಂಚಿನ ಯಂತ್ರದಲ್ಲಿ ಪೂರ್ಣ ಎಚ್‌ಡಿ ನಿಚ್ಚಳವಾಗಿ ಬರುತ್ತದೆ. ಸೋನಿಯವರು ಜಿ90ಕ್ಕೆ 2500ಕ್ಕೆ 2000 ಎಂದು ಹೇಳಿಕೊಂಡಿದ್ದರು. ಅದರಾಚೆಗಿನ 4ಕೆಯಲ್ಲಿ ಗೆರೆಗಳು ಒಂದರ ಮೈಮೇಲೊಂದು ಬೀಳುತ್ತವೆ. ಗೆರೆ ಕಾಣದ ನುಣುಪು ಸಿಗುತ್ತದೆ, ಅಷ್ಟೂ ಸೂಕ್ಷ್ಮ ಸಿಗುವುದಿಲ್ಲ. ಕತ್ತಲಿನ ದೃಶ್ಯ ಮಾತ್ರ ಹೊಸ ಯಂತ್ರಗಳನ್ನು ನಾಚಿಸುವಷ್ಟು ಚೆಂದ, ಏಕೆಂದರೆ ಧಾರೆ ನಿಂತರೆ ಟ್ಯೂಬು ಪೂರ್ತಿ ಕಪ್ಪು. ಬೆಳಕು ಮಾತ್ರ ಕೆಲವು ನೂರು ಲ್ಯುಮೆನ್. ಮದುವೆ ಮಂಟಪದ ದೀಪದಡಿ ಇದನ್ನು ಹಚ್ಚಿದರೆ ಏನೂ ಕಾಣದು. ‘ಹಳೇದು ಅಗ್ಗಕ್ಕ ಬಂದೈತಿ, ಮಂಟಪಕ್ಕ ಹಾಕೋಣ’ ಎನ್ನುವ ಸಾವಕಾರರು ಎರಡು ಸಲ ಯೋಚಿಸಬೇಕು.

ಅಂಗಡಿಯ ಜಗಳಕ್ಕೆ ಉತ್ತರ

ಆ ಸಣ್ಣ ಡಬ್ಬಿಯ ಮಾತು ಹಾಗೇ ಉಳಿಯಿತು. ಅದರ ಮೇಲಿನ ‘1080ಪಿ’ ಒಳಗೆ ಹೋಗುವ ಸಿಗ್ನಲಿನದ್ದು, ಹೊರಗೆ ಬರುವುದಲ್ಲ. ಹಳದಿ ಪಿನ್ನಿನಿಂದ ಹೊರಬರುವುದು ಅದೇ 576 ಗೆರೆ. ಬಣ್ಣವೂ ಬೆಳಕೂ ಒಂದೇ ತಂತಿಯಲ್ಲಿ ಬೆರೆತು ಬರುವುದರಿಂದ ಸೂಕ್ಷ್ಮ ಇನ್ನೂ ಸ್ವಲ್ಪ ಸೋರಿಹೋಗುತ್ತದೆ. ಅಗಲ ಪರದೆಗೆಂದು ಬರೆದ ಸುದ್ದಿಯ ಅಕ್ಷರ ಚೌಕ ಪರದೆಯಲ್ಲಿ ಹಿಂಡಿ ಕೂರುತ್ತದೆ. ಎಚ್‌ಡಿ ಆಗುವುದಿಲ್ಲ, ಹೊಸ ಯಂತ್ರ ಹಳೇ ಟಿವಿಗೆ ಜೋಡುತ್ತದೆ, ಇಷ್ಟೇ ಲಾಭ. ‘ಚಿತ್ರ ಬರ್ತೈತ್ರಿ, ಎಚ್‌ಡಿ ಬರೂದಿಲ್ಲ’ ಎಂದು ಮೊದಲೇ ಹೇಳಿ ಮಾರಿದರೆ ಮರುದಿನದ ಜಗಳ ಇಲ್ಲ. ಡಬ್ಬಿಯ ಬದಿಗೆ ಪಾಲ್, ಎನ್‌ಟಿಎಸ್‌ಸಿ ಎಂಬ ಸಣ್ಣ ಸ್ವಿಚ್ಚು ಇರುತ್ತದೆ. ಅದು ಪಾಲ್ ಕಡೆಗಿರಬೇಕು. ಇನ್ನೊಂದು ಕಡೆ ಇದ್ದರೆ ಹಳೇ ಸೆಟ್ಟಿನಲ್ಲಿ ಚಿತ್ರ ಕಪ್ಪು-ಬಿಳುಪಾಗುವುದೋ, ಉರುಳುವುದೋ ಆಗಬಹುದು. ವಾಪಸು ಬರುವ ಡಬ್ಬಿಯನ್ನು ಕೆಟ್ಟಿದೆ ಎನ್ನುವ ಮೊದಲು ಇದನ್ನು ನೋಡಬೇಕು.

ಕೊನೆಗಾಲದ 29 ಇಂಚಿನ ಫ್ಲಾಟ್ ಸೆಟ್ಟುಗಳಲ್ಲಿ ಕೆಲವಕ್ಕೆ ಹಿಂದೆ ಹಸಿರು, ನೀಲಿ, ಕೆಂಪು ಮೂರು ಪಿನ್ನಿನ ತೂತು ಇದೆ. ಡಿವಿಡಿ ಪ್ಲೇಯರನ್ನು ಹಳದಿ ಬಿಟ್ಟು ಆ ಮೂರಕ್ಕೆ ಜೋಡಿಸಿದರೆ ಚಿತ್ರ ನೋಡನೋಡುತ್ತ ತೊಳೆದಿಟ್ಟಂತಾಗುತ್ತದೆ. ಖರ್ಚು ಒಂದು ತಂತಿಯದು. ಎಷ್ಟೋ ಮನೆಗಳಲ್ಲಿ ಆ ತೂತಿನ ಮೇಲಿನ ಪ್ಲಾಸ್ಟಿಕ್ಕೂ ತೆಗೆದಿಲ್ಲ.

ಸಾಧಾರಣ ಟಿವಿಯ ಟ್ಯೂಬಿಗೆ ಬೇರೆ ವೇಗದ ಸಿಗ್ನಲ್ ಕೊಟ್ಟು ಎಚ್‌ಡಿ ಮಾಡುತ್ತೇವೆ ಎಂದು ಮುಚ್ಚಳ ಬಿಚ್ಚುವ ಹುಡುಗರಿಗೆ ಒಂದು ಮಾತು. 15,625ಕ್ಕೆ ಕಟ್ಟಿದ ಸರ್ಕಿಟ್ಟು ಎರಡರಷ್ಟು ವೇಗಕ್ಕೆ ಓಡುವುದಿಲ್ಲ, ಔಟ್‌ಪುಟ್ ಟ್ರಾನ್ಸಿಸ್ಟರ್ ಸುಟ್ಟು ಕೂರಬಹುದು. ಅದಕ್ಕಿಂತ ದೊಡ್ಡದು ಜೀವದ ಮಾತು. ಬಣ್ಣದ ಟಿವಿಯ ಟ್ಯೂಬಿಗೆ 25 ಸಾವಿರ ವೋಲ್ಟಿನ ಆಸುಪಾಸು, ಪ್ರೊಜೆಕ್ಟರಿಗೆ 30 ಸಾವಿರ ದಾಟುತ್ತದೆ. ಪ್ಲಗ್ ಕಿತ್ತ ಮೇಲೂ ಟ್ಯೂಬು ಆ ವಿದ್ಯುತ್ತನ್ನು ಹೊಟ್ಟೆಯಲ್ಲಿ ಇಟ್ಟುಕೊಂಡಿರುತ್ತದೆ. ಮೆಕ್ಯಾನಿಕ್ ಕೆಲಸ ಕಲಿತವರಿಗೆ ಗುರು ಹೇಳಿಕೊಡುತ್ತಿದ್ದ ಮೊದಲ ಪಾಠವೇ ಟ್ಯೂಬನ್ನು ಅರ್ಥ್ ಮಾಡಿ ಬರಿದು ಮಾಡುವುದು. ವಿಡಿಯೋ ನೋಡಿ ಕಲಿತವರಿಗೆ ಆ ಪಾಠದ ಏಟು ಬಿದ್ದಿರುವುದಿಲ್ಲ.

ಮೊದಲು ಹೋಗುವುದು ತಾಮ್ರ

ಭಂಗಾರದ ಅಂಗಡಿಯಲ್ಲಿ ಟಿವಿಯಿಂದ ಮೊದಲು ಕೀಳುವುದು ಯೋಕು. ತಾಮ್ರಕ್ಕೆ ಬೆಲೆ ಇದೆ, ಗಾಜಿಗಿಲ್ಲ. ಆದರೆ ಬಣ್ಣದ ಟ್ಯೂಬು ಮತ್ತು ಅದರ ಯೋಕು ಗಂಡಹೆಂಡಿರ ಹಾಗೆ. ಕಾರ್ಖಾನೆಯಲ್ಲಿ ಒಂದಕ್ಕೊಂದು ಹೊಂದಿಸಿ ಅಂಟಿಸಿದ್ದು. ಒಮ್ಮೆ ಕಿತ್ತರೆ ಮತ್ತೆ ಬಣ್ಣ ಕೂಡಿಸಲು ತಾಸುಗಟ್ಟಲೆ ಕೆಲಸ, ಅದನ್ನು ಬಲ್ಲ ಕೈಗಳೂ ಕಡಿಮೆಯಾಗಿವೆ. ಹೊಸ ಟ್ಯೂಬು ಮನೆಯ ಟಿವಿಗೆಂದು ಬರುವ ಕಾಲ ಮುಗಿದಿದೆ. ದೂರದರ್ಶನದ ಹಳೇ ಆ್ಯಂಟೆನಾ ಪ್ರಸಾರವೂ 2022ರ ಹೊತ್ತಿಗೆ ಬಹುತೇಕ ನಿಂತಿತು. 2016ರ ಸುಮಾರಿಗೆ ಹೊಸ ಗ್ರಾಫಿಕ್ ಕಾರ್ಡುಗಳಿಂದ ಅನಲಾಗ್ ತೂತೂ ಮಾಯವಾಯಿತು. ಉಳಿದದ್ದನ್ನು ರಿಪೇರಿ ಮಾಡಿಯೇ ನಡೆಸಬೇಕು.

ದಕ್ಷಿಣ ಕೊರಿಯದ ಸರಕಾರಿ ಕಲಾ ಸಂಗ್ರಹಾಲಯಕ್ಕೂ ಇದೇ ಪಾಡು ಬಂತು. ನಾಮ್ ಜೂನ್ ಪೈಕ್ ಎಂಬ ಕಲಾವಿದ 1988ರಲ್ಲಿ 1003 ಟಿವಿಗಳನ್ನು ಗೋಪುರದ ಹಾಗೆ ಪೇರಿಸಿ ಒಂದು ಕಲಾಕೃತಿ ಮಾಡಿದ್ದ. ಟ್ಯೂಬುಗಳು ಮುದಿಯಾಗಿ 2018ರಲ್ಲಿ ಗೋಪುರ ಆರಿಸಬೇಕಾಯಿತು. ಸೆಕೆಂಡ್ ಹ್ಯಾಂಡ್ ಟ್ಯೂಬು ಹುಡುಕಿ, ರಿಪೇರಿ ಮಾಡಿ 737 ಸೆಟ್ಟುಗಳನ್ನು ಬದುಕಿಸಿದರು; ಮೇಲಿನ 266 ಸಣ್ಣ ಸೆಟ್ಟುಗಳಿಗೆ ಏನೂ ಸಿಗದೆ ಎಲ್‌ಸಿಡಿ ಹಾಕಿದರು. 2022ರಲ್ಲಿ ಮತ್ತೆ ಹಚ್ಚಿದರು. ಸರಕಾರದ ದುಡ್ಡಿದ್ದವರಿಗೇ ಹೀಗೆ.

ಒಡೆಯಲೇಬೇಕೆಂದಿದ್ದರೆ ಓಣಿಯಲ್ಲಿ ಒಡೆಯುವುದು ಬೇಡ. ಟ್ಯೂಬಿನ ಹಿಂಬದಿಯ ಗಾಜಿನಲ್ಲಿ ಸೀಸ ಇದೆ. ಒಳಗೆ ಗಾಳಿ ಇಲ್ಲದ್ದರಿಂದ ಏಟು ಬಿದ್ದರೆ ಗಾಜು ಮೊದಲು ಒಳಕ್ಕೆ ಕುಸಿದು ಆಮೇಲೆ ನಾಲ್ಕೂ ದಿಕ್ಕಿಗೆ ಚಿಮ್ಮುತ್ತದೆ. ಮುಖದ ಪುಡಿ ಉಸಿರಿಗೆ ಹೋಗಬಾರದು. 2023ರ ಏಪ್ರಿಲ್ 1ರಿಂದ ಜಾರಿಯಾದ ಇ-ತ್ಯಾಜ್ಯ ನಿಯಮದ ಪ್ರಕಾರ ಇಂಥದ್ದು ನೋಂದಾಯಿತ ಮರುಬಳಕೆಯವರ ಕೈಗೆ ಹೋಗಬೇಕು. ಕೈಗಾಡಿಗೂ ಆ ನಿಯಮಕ್ಕೂ ಇನ್ನೂ ಪರಿಚಯವಾದಂತಿಲ್ಲ.

ಮೂರು ಕಣ್ಣಿನ ಪ್ರೊಜೆಕ್ಟರು ಎಲ್ಲಿಯಾದರೂ ಮಾರಾಟಕ್ಕೆ ಸಿಕ್ಕರೆ ಕೊಳ್ಳುವವರು ಮಾಡಬೇಕಾದ ಪರೀಕ್ಷೆ ಒಂದಿದೆ, ಅದಕ್ಕೆ ದುಡ್ಡು ಬೇಡ. ಪ್ಲಗ್ ಕಿತ್ತು, ಹಸಿರು ಟ್ಯೂಬಿನ ಲೆನ್ಸಿನೊಳಗೆ ಬ್ಯಾಟರಿ ಬಿಟ್ಟು ನೋಡುವುದು. ಪುಡಿಯ ಮೇಲೆ ಆಯತಾಕಾರದ ಕಂದು ನೆರಳು ಕಂಡರೆ ಆ ಟ್ಯೂಬು ದುಡಿದು ದಣಿದಿದೆ. ಎಷ್ಟು ಫೋಕಸ್ ತಿರುಗಿಸಿದರೂ ಚೂಪು ಮರಳಿ ಬಾರದು. ಅಂಥದ್ದಕ್ಕೆ ತೂಕದ ಬೆಲೆಗಿಂತ ಒಂದು ರೂಪಾಯಿಯೂ ಹೆಚ್ಚು ಕೊಡಬೇಕಾಗಿಲ್ಲ. ನೆರಳಿಲ್ಲದೆ ಮುಖ ಒಂದೇ ಸಮ ಇದ್ದರೆ ಯೋಕು ಕೀಳಲು ಬಿಡಬೇಡಿ.